ವಿಕಿಪೀಡಿಯದಲ್ಲಿ ಬರೆದ ಮೇಲೆ ‘ಉಲ್ಲೇಖ ಎಲ್ಲಿ?’ ಅಂತ ಕೇಳುತ್ತಾರಲ್ಲ, ಯಾಕೆ?

ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಬರೆದು ತನ್ನಿ ಅಂತ ಕಾಲೇಜಿನಲ್ಲಿ ಅಸೈನ್‌ಮೆಂಟ್ ಕೊಡುವುದು ಈಗ ಹೊಸ ವಿಷಯವೇನಲ್ಲ. ಮೈಸೂರಿನ ಹಾಸ್ಟೆಲ್ಲಿನಲ್ಲಿರುವ ಹುಡುಗನೋ, ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುವ ಹುಡುಗಿಯೋ ಮೊಬೈಲಿನಲ್ಲೇ ಖಾತೆ ತೆರೆಯುತ್ತಾರೆ. ತಮ್ಮೂರಿನ ಬಗ್ಗೆ ನಾಲ್ಕು ಪ್ಯಾರಾ ಬರೆದು ಉಳಿಸುತ್ತಾರೆ. ಮಾರನೇ ದಿನ ನೋಡಿದರೆ ಅರ್ಧ ಲೇಖನ ಮಾಯ. ಪುಟದ ನೆತ್ತಿಯ ಮೇಲೆ ಒಂದು ಸೂಚನೆಯ ಚೌಕ. ಚರ್ಚೆಪುಟದಲ್ಲಿ ಗುರುತಿಲ್ಲದ ಯಾರೋ ಬರೆದಿರುತ್ತಾರೆ: ‘ದಯವಿಟ್ಟು ಉಲ್ಲೇಖ ಸೇರಿಸಿ. ತಟಸ್ಥ ದೃಷ್ಟಿಕೋನದಲ್ಲಿ ಬರೆಯಿರಿ.’

ಇಲ್ಲಿಂದ ಗಾಬರಿ ಶುರು. ಬೈದರಾ? ಮಾರ್ಕ್ಸ್ ಹೋಯ್ತಾ? ಖಾತೆ ಮುಚ್ಚಿಬಿಡ್ತಾರಾ?

ಅಂಥದ್ದೇನೂ ಆಗಿರುವುದಿಲ್ಲ. ಹೊಸಬರಿಗೆ ಬರುವ ಸಲಹೆಗಳು ನೋಡೋಕೆ ಹತ್ತಾರು ಬಗೆ. ಅವುಗಳಲ್ಲಿ ಬಹುಪಾಲು ಕೇಳುವುದು ಮಾತ್ರ ಒಂದೇ ಪ್ರಶ್ನೆ: ಈ ಮಾತು ಯಾರು ಹೇಳಿದ್ದು? ಅದೊಂದು ಹಿಡಿತಕ್ಕೆ ಸಿಕ್ಕರೆ ಮಿಕ್ಕದ್ದು ಕಷ್ಟವಲ್ಲ.

ಸಲಹೆ ಕೊಡುವವರು ಯಾರು?

ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು, ಇಂಗ್ಲಿಷಿನಲ್ಲಿ. ಕನ್ನಡದ್ದು 2003ರ ಜೂನ್‌ನಲ್ಲಿ. ಇದರ ಸರ್ವರ್, ಸಾಫ್ಟ್‌ವೇರ್, ಖರ್ಚುವೆಚ್ಚ ನೋಡಿಕೊಳ್ಳುವುದು ವಿಕಿಮೀಡಿಯ ಫೌಂಡೇಶನ್ ಅನ್ನುವ ಲಾಭವಿಲ್ಲದ ಸಂಸ್ಥೆ. ಆದರೆ ಲೇಖನ ಬರೆಯುವುದಕ್ಕೆ, ತಿದ್ದುವುದಕ್ಕೆ ಅಲ್ಲಿ ಸಂಬಳದ ಸಂಪಾದಕರಿಲ್ಲ. ನಿಮ್ಮ ಪುಟಕ್ಕೆ ಸಲಹೆ ಬರೆದವರು ನಿವೃತ್ತ ಮೇಷ್ಟ್ರಿರಬಹುದು, ಸಾಫ್ಟ್‌ವೇರ್ ಕೆಲಸದವರಿರಬಹುದು, ನಿಮ್ಮಂತೆಯೇ ಓದುತ್ತಿರುವವರೂ ಇರಬಹುದು. ರಾತ್ರಿ ಊಟ ಮುಗಿಸಿ, ಬಿಡುವಿನಲ್ಲಿ ಕೂತು ಮಾಡುವ ಕೆಲಸ ಇದು.

ಅವರಲ್ಲಿ ಕೆಲವರನ್ನು ‘ನಿರ್ವಾಹಕರು’ ಅನ್ನುತ್ತಾರೆ. ಪುಟ ಅಳಿಸುವುದು, ತೊಂದರೆ ಕೊಡುವ ಖಾತೆಯನ್ನು ತಡೆಯುವುದು, ಇಂಥ ಒಂದಿಷ್ಟು ಹೆಚ್ಚಿನ ಬಟನ್‌ಗಳು ಅವರ ಕೈಯಲ್ಲಿರುತ್ತವೆ. ಹಾಗಂತ ಒಂದು ವಾಕ್ಯ ಸರಿಯೋ ತಪ್ಪೋ ಅನ್ನುವ ಮಾತು ಬಂದಾಗ ಅವರ ಮಾತಿಗೆ ಜಾಸ್ತಿ ತೂಕವೇನೂ ಇಲ್ಲ. ತೂಕ ಇರುವುದು ಆಧಾರಕ್ಕೆ.

ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷಕ್ಕೂ ಹೆಚ್ಚು ಲೇಖನಗಳಿವೆ. ಕನ್ನಡದಲ್ಲಿ 30 ಸಾವಿರ ದಾಟಿದೆ. ತಿದ್ದುವವರ ಸಂಖ್ಯೆಯೂ ಕಡಿಮೆ. ಒಂದೇ ತರಗತಿಯ 60 ಮಕ್ಕಳು ಒಂದೇ ವಾರದಲ್ಲಿ 60 ಪುಟ ಹಾಕಿದರೆ ನೋಡುವವರಿಗೆ ಉಸಿರು ಕಟ್ಟುತ್ತದೆ. ಸಲಹೆಗಳು ಕೆಲವೊಮ್ಮೆ ಒಣಒಣವಾಗಿ, ಒಂದೇ ಸಾಲಿನಲ್ಲಿ ಇರುವುದಕ್ಕೆ ಇದೂ ಒಂದು ಕಾರಣ.

ಅಳಿಸಿದ್ದು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಪ್ರತಿ ಪುಟಕ್ಕೂ ಒಂದು ‘ಇತಿಹಾಸ’ ಇರುತ್ತದೆ. ಜಮೀನಿನ ಮ್ಯುಟೇಷನ್ ರಿಜಿಸ್ಟರ್ ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಪಹಣಿಯಲ್ಲಿ ಕಾಣುವುದು ಇವತ್ತಿನ ಖಾತೆದಾರನ ಹೆಸರು. ಅದು ಯಾವಾಗ, ಯಾರಿಂದ, ಹೇಗೆ ಬಂತು ಅಂತ ತಿಳಿಯಬೇಕಾದರೆ ಎಂ.ಆರ್. ತೆಗೆಸಬೇಕು. ವಿಕಿಪೀಡಿಯದಲ್ಲಿ ಓದುವ ಪುಟ ಪಹಣಿ ಇದ್ದ ಹಾಗೆ, ಇತಿಹಾಸದ ಪುಟ ಎಂ.ಆರ್. ಇದ್ದ ಹಾಗೆ. ವ್ಯತ್ಯಾಸ ಒಂದೇ: ಇಲ್ಲಿ ಅರ್ಜಿ ಹಾಕಿ ಕಾಯಬೇಕಿಲ್ಲ, ಒಂದು ಕ್ಲಿಕ್ ಸಾಕು. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಪದ ಬದಲಿಸಿದರು ಅನ್ನುವುದೆಲ್ಲ ಸಾಲಾಗಿ ಇರುತ್ತದೆ. ಹಳೆಯ ರೂಪವನ್ನು ತೆರೆದು ಓದಬಹುದು. ಬೇಕಾದರೆ ವಾಪಸ್ ತರಬಹುದು.

ಈ ಸಾಲುಗಳ ಪಕ್ಕದಲ್ಲಿ ಹಸಿರಲ್ಲೋ ಕೆಂಪಲ್ಲೋ ಒಂದು ಸಂಖ್ಯೆ ಕಾಣುತ್ತದೆ. ಅದು ಸೇರಿದ ಅಥವಾ ತೆಗೆದ ಬೈಟ್‌ಗಳ ಲೆಕ್ಕ. ಅಕ್ಷರಗಳ ಲೆಕ್ಕ ಅಂತ ತಿಳಿದುಕೊಳ್ಳಬೇಡಿ. ಕನ್ನಡದ ಅಕ್ಷರ, ಕಾಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಅರ್ಧಾಕ್ಷರದ ಚಿಹ್ನೆ (್), ಒಂದೊಂದಕ್ಕೂ 3 ಬೈಟ್ ಬೇಕು. ‘ಕೊಕ್ಕರೆ’ ಕಣ್ಣಿಗೆ ಮೂರೇ ಅಕ್ಷರ, ಇತಿಹಾಸದಲ್ಲಿ 21 ಬೈಟ್. ಐದು ಸಾವಿರ ಬೈಟ್ ಬರೆದೆ ಅಂತ ಬೀಗುವವರೂ, ಅಷ್ಟು ಬೈಟಿಗೆ ಇಷ್ಟು ಅಂಕ ಅಂತ ನಿಗದಿ ಮಾಡುವ ಮೇಷ್ಟ್ರುಗಳೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಇತಿಹಾಸದಲ್ಲಿ ಪ್ರತಿ ತಿದ್ದುಪಡಿಯ ಮುಂದೆ ಒಂದು ಚಿಕ್ಕ ಟಿಪ್ಪಣಿಯೂ ಇರುತ್ತದೆ. ಎಷ್ಟೋ ಸಲ ನಿಮಗೆ ಬರಬೇಕಾದ ಸಲಹೆ ಅಲ್ಲೇ ಮುಗಿದಿರುತ್ತದೆ. ‘ಉಲ್ಲೇಖವಿಲ್ಲದ ಸಾಲು ತೆಗೆದಿದೆ’ ಅಂತ ಬರೆದಿದ್ದರೆ ಕಾರಣ ಗೊತ್ತಾಯ್ತಲ್ಲ. ಚರ್ಚೆಪುಟದಲ್ಲಿ ಹುಡುಕುವ ಮೊದಲು ಇಲ್ಲಿ ನೋಡಿ.

ಒಂದು ಪ್ಯಾರಾವನ್ನು ಹತ್ತಿರದಿಂದ ನೋಡೋಣ

ಮದ್ದೂರು ಕಡೆಯ ಒಬ್ಬ ವಿದ್ಯಾರ್ಥಿನಿ ಕೊಕ್ಕರೆ ಬೆಳ್ಳೂರಿನ ಬಗ್ಗೆ ಹೀಗೆ ಬರೆದಳು ಅಂತ ಇಟ್ಟುಕೊಳ್ಳೋಣ:

‘ಕೊಕ್ಕರೆ ಬೆಳ್ಳೂರು ನಮ್ಮ ಹೆಮ್ಮೆಯ ಮಂಡ್ಯ ಜಿಲ್ಲೆಯ ಸುಂದರ ಗ್ರಾಮ. ಇಲ್ಲಿಗೆ ಪ್ರತಿ ವರ್ಷ ಸೈಬೀರಿಯಾದಿಂದ ಸಾವಿರಾರು ವಿದೇಶಿ ಹಕ್ಕಿಗಳು ಬರುತ್ತವೆ. ಊರಿನ ಜನಕ್ಕೆ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಇತ್ತೀಚೆಗೆ ಹಕ್ಕಿಗಳು ಕಡಿಮೆಯಾಗಿವೆ. ತಾವೂ ಒಮ್ಮೆ ಕುಟುಂಬ ಸಮೇತ ಭೇಟಿ ಕೊಡಿ.’

ಓದೋಕೆ ಚೆನ್ನಾಗೇ ಇದೆ. ಶಾಲೆಯ ಪ್ರಬಂಧವಾಗಿದ್ದರೆ ಒಳ್ಳೆಯ ಅಂಕ ಬೀಳುತ್ತಿತ್ತು. ವಿಶ್ವಕೋಶದಲ್ಲಿ ಮಾತ್ರ ಸಾಲುಸಾಲಿಗೂ ಕೈ ಬೀಳುತ್ತದೆ.

‘ನಮ್ಮ ಹೆಮ್ಮೆಯ’, ‘ಸುಂದರ’. ಈ ಪುಟವನ್ನು ಬೀದರಿನವರೂ ಓದುತ್ತಾರೆ, ಅಮೆರಿಕದಲ್ಲಿರುವವರೂ ಓದುತ್ತಾರೆ. ‘ನಮ್ಮ’ ಅಂದರೆ ಯಾರ? ಸುಂದರ ಅಂದವರು ಯಾರು? ಬರೆದವರ ಅನಿಸಿಕೆ ಲೇಖನದೊಳಗೆ ನುಸುಳಬಾರದು ಅನ್ನುವುದಕ್ಕೇ ‘ತಟಸ್ಥ ದೃಷ್ಟಿಕೋನ’ ಅನ್ನುವುದು. ಊರಿನ ಮೇಲೆ ಪ್ರೀತಿ ಇರಬಾರದು ಅಂತೇನಲ್ಲ. ಅದು ವಾಕ್ಯದಲ್ಲಿ ಕಾಣಬಾರದು, ಅಷ್ಟೆ.

‘ಸೈಬೀರಿಯಾದಿಂದ ವಿದೇಶಿ ಹಕ್ಕಿಗಳು’. ಇದು ತುಂಬಾ ಮಜವಾದ ಸಾಲು. ಹಕ್ಕಿ ಅಂದರೆ ಸಾಕು, ಸೈಬೀರಿಯಾ ಅನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಮುಖ್ಯ ಹಕ್ಕಿಗಳು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ (ಪೆಲಿಕನ್). ಎರಡೂ ಭಾರತ ಮತ್ತು ಸುತ್ತಲಿನ ದೇಶಗಳಲ್ಲೇ ಬದುಕಿ ಮರಿ ಮಾಡುವ ಹಕ್ಕಿಗಳು. ನೀರು, ಮೀನು ಇರುವ ಕಡೆಗೆ ಓಡಾಡುತ್ತವೆಯೇ ಹೊರತು ಸೈಬೀರಿಯಾದಿಂದ ಬರುವುದಿಲ್ಲ. ‘ಉಲ್ಲೇಖ ಕೊಡಿ’ ಅಂದಾಗ ಅವಳು ಹಕ್ಕಿಗಳ ಬಗ್ಗೆ ಒಂದು ಒಳ್ಳೆಯ ಪುಸ್ತಕ ತೆಗೆದು ನೋಡಿದಳು ಅನ್ನಿ. ಅವಳ ತಪ್ಪು ಅವಳಿಗೇ ಕಾಣುತ್ತದೆ. ಬೇರೆಯವರು ಬಂದು ಹೇಳುವ ಅಗತ್ಯವೇ ಇರುವುದಿಲ್ಲ. ಉಲ್ಲೇಖ ಕೇಳುವುದರಿಂದ ಆಗುವ ದೊಡ್ಡ ಉಪಕಾರ ಇದು. ಕೆಳಗೆ ಒಂದು ನಂಬರ್ ಬೀಳುವುದು ಆಮೇಲಿನ ಮಾತು.

‘ತವರಿಗೆ ಬಂದ ಹೆಣ್ಣುಮಕ್ಕಳು’. ಈ ಸಾಲನ್ನು ಅಳಿಸಬೇಕಿಲ್ಲ. ಊರಿನವರು ಹಕ್ಕಿಗಳ ಬಗ್ಗೆ ಹೀಗೆ ಹೇಳಿಕೊಳ್ಳುವುದು ನಿಜ, ಅದರ ಬಗ್ಗೆ ಬರೆದವರೂ ಇದ್ದಾರೆ. ಬೇಕಾದದ್ದು ಸಣ್ಣ ರಿಪೇರಿ. ‘ಊರಿನವರು ಹೀಗೆ ಹೇಳುತ್ತಾರೆ’ ಅಂತ ಮಾತನ್ನು ಆಡಿದವರ ಬಾಯಿಗೆ ಕೊಟ್ಟು, ಅದನ್ನು ದಾಖಲಿಸಿದ ಪುಸ್ತಕವನ್ನೋ ಪತ್ರಿಕೆಯನ್ನೋ ತೋರಿಸಿದರೆ ಸಾಲು ನಿಲ್ಲುತ್ತದೆ. ನಂಬಿಕೆ, ಐತಿಹ್ಯ, ಸ್ಥಳಪುರಾಣ ಎಲ್ಲಕ್ಕೂ ಇದೇ ದಾರಿ. ಮೇಲುಕೋಟೆ, ಶ್ರೀರಂಗಪಟ್ಟಣದ ಬಗ್ಗೆ ಬರೆಯುವವರಿಗೆ ಇದು ಹೆಜ್ಜೆಹೆಜ್ಜೆಗೂ ಬೇಕಾಗುತ್ತದೆ.

‘ಇತ್ತೀಚೆಗೆ’. ಯಾವಾಗ? ಇವತ್ತು ಬರೆದ ‘ಇತ್ತೀಚೆಗೆ’ಯನ್ನು ಹತ್ತು ವರ್ಷ ಬಿಟ್ಟೂ ಯಾರೋ ಓದುತ್ತಾರೆ. ಇಸವಿ ಹಾಕಿ. ಎಷ್ಟಿತ್ತು, ಎಷ್ಟಾಯ್ತು, ಎಣಿಸಿದವರು ಯಾರು ಅಂತ ಬರೆಯಿರಿ. ಎಣಿಕೆ ಸಿಗದಿದ್ದರೆ ಸಾಲು ಬಿಡಿ. ‘ಭೇಟಿ ಕೊಡಿ’ ಅನ್ನುವುದು ಪ್ರವಾಸದ ಕರಪತ್ರದ ಮಾತು, ಅದನ್ನಂತೂ ಸುಮ್ನೆ ತೆಗೆದುಬಿಡುವುದು.

ತಿದ್ದಿದ ಮೇಲೆ ಅವಳ ಪ್ಯಾರಾ ಹೀಗಿರಬಹುದು: ‘ಕೊಕ್ಕರೆ ಬೆಳ್ಳೂರು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ಗ್ರಾಮ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮುಂತಾದ ಮರಗಳಲ್ಲಿ ಗೂಡು ಕಟ್ಟುತ್ತವೆ. ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಹೇಳುತ್ತಾರೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.’ ಪ್ರತಿ ವಾಕ್ಯದ ಕೊನೆಗೆ ಒಂದೊಂದು ಉಲ್ಲೇಖ. ಭಾವುಕತೆ ಕಮ್ಮಿಯಾಗಿದೆ, ನಿಜ. ಆದರೆ ಓದುವವರಿಗೆ ಸಿಗುವ ವಿಷಯ ಮೊದಲಿಗಿಂತ ಜಾಸ್ತಿ.

ಯಾವುದು ಉಲ್ಲೇಖ, ಯಾವುದಲ್ಲ?

ಫೇಸ್‌ಬುಕ್ ಪೋಸ್ಟ್, ವಾಟ್ಸ್‌ಆ್ಯಪ್ ಫಾರ್ವರ್ಡ್, ಯಾರದೋ ಸ್ವಂತ ಬ್ಲಾಗ್ ಇವು ಸಾಮಾನ್ಯವಾಗಿ ನಡೆಯುವುದಿಲ್ಲ. ಇನ್ನೊಂದು ವಿಕಿಪೀಡಿಯ ಪುಟವೂ ನಡೆಯುವುದಿಲ್ಲ. ಯಾಕೆಂದರೆ ಅದನ್ನೂ ನಮ್ಮಂಥವರೇ ಬರೆದಿರುತ್ತಾರೆ. ಬೇಕಾದದ್ದು ಪ್ರಕಟವಾದ, ಅಚ್ಚಿಗೆ ಮುನ್ನ ಒಬ್ಬರಾದರೂ ಪರಿಶೀಲಿಸಿದ ಬರಹ. ಪತ್ರಿಕೆ, ಪುಸ್ತಕ, ವಿಶ್ವವಿದ್ಯಾಲಯದ ಪ್ರಕಟಣೆ, ಗ್ಯಾಸೆಟಿಯರ್, ಸಂಶೋಧನಾ ಲೇಖನ, ಇಂಥವು.

ಇಲ್ಲಿ ಬಹಳ ಜನರಿಗೆ ಒಂದು ತಪ್ಪು ಕಲ್ಪನೆ ಇದೆ. ಉಲ್ಲೇಖ ಅಂದರೆ ಇಂಟರ್‌ನೆಟ್ ಲಿಂಕ್ ಅಂತಲೇ ತಿಳಿಯುತ್ತಾರೆ. ಹಾಗೇನಿಲ್ಲ. ಅಚ್ಚಾದ ಪುಸ್ತಕ ಧಾರಾಳವಾಗಿ ನಡೆಯುತ್ತದೆ. ಲೇಖಕರು, ಪುಸ್ತಕದ ಹೆಸರು, ಪ್ರಕಾಶಕರು, ಇಸವಿ, ಪುಟಸಂಖ್ಯೆ ಇಷ್ಟು ಬರೆದರೆ ಸಾಕು. ಹೊಸ ಪುಸ್ತಕದ ಐಎಸ್‌ಬಿಎನ್ ಸಂಖ್ಯೆ ಹಾಕಿದರೆ ಎಷ್ಟೋ ವಿವರ ತಾನೇ ತುಂಬಿಕೊಳ್ಳುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಆ ಸಂಖ್ಯೆ ಇರುವುದಿಲ್ಲ, ಕೈಯಲ್ಲೇ ತುಂಬಬೇಕು. ಬೇಜಾರಿನ ಕೆಲಸ, ಐದು ನಿಮಿಷದ್ದು.

ಈ ವಿಷಯದಲ್ಲಿ ಮೈಸೂರು, ಮಂಡ್ಯದ ಮಕ್ಕಳು ಪುಣ್ಯವಂತರು. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ, 1938ರ ಶಿವಪುರದ ಧ್ವಜ ಸತ್ಯಾಗ್ರಹ, ಇವೆಲ್ಲದರ ಬಗ್ಗೆ ಅಚ್ಚಾದ ಬರಹ ಇದೆ. ಶಾಸನ ಬೇಕೆಂದರೆ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ಅರ್ಧ ದಿನ ಲೈಬ್ರರಿಯಲ್ಲಿ ಕೂತರೆ ಗೂಗಲ್‌ನಲ್ಲಿ ಸಿಗದ ಎಷ್ಟೋ ಉಲ್ಲೇಖ ಸಿಗುತ್ತದೆ.

ಅಜ್ಜಿ ಹೇಳಿದ ಮಾತನ್ನು ಹಾಕಬಹುದಾ? ನೇರವಾಗಿ ಹಾಕುವಂತಿಲ್ಲ. ನೀವೇ ಹೋಗಿ ಮಾತಾಡಿಸಿ, ನೋಡಿ, ಲೆಕ್ಕ ಹಾಕಿ ಕಂಡುಕೊಂಡದ್ದು ‘ಸ್ವಂತ ಸಂಶೋಧನೆ’ ಆಗುತ್ತದೆ, ಅದು ಮೊದಲು ಬೇರೆಲ್ಲಾದರೂ ಪ್ರಕಟವಾಗಿರಬೇಕು. ಈ ನಿಯಮ ನಮ್ಮಂಥ ಕಡೆ ಚುಚ್ಚುತ್ತದೆ. ನಾಲೆ ತೋಡಿದ ಕಾಲದ ಕಥೆ, ಊರಹಬ್ಬದ ಕಟ್ಟಳೆ, ಬಿತ್ತನೆಯ ಲೆಕ್ಕಾಚಾರ ಎಲ್ಲ ಬಾಯಿಂದ ಬಾಯಿಗೆ ಬಂದದ್ದು, ಅಚ್ಚಾಗಿದ್ದು ಕಡಿಮೆ. ಆದರೂ ನಿಯಮ ಇರುವುದಕ್ಕೆ ಕಾರಣ ಇದೆ. ನಿಮ್ಮ ಅಜ್ಜಿ ಹೇಳಿದ್ದು ನಿಜ ಅಂತ ನಿಮಗೆ ಗೊತ್ತು. ಬೀದರಿನ ಓದುಗ ಅದನ್ನು ಹೇಗೆ ಪರೀಕ್ಷಿಸಬೇಕು? ಅಜ್ಜಿಯ ಮಾತನ್ನು ಮೊದಲು ಕಾಲೇಜಿನ ಸಂಚಿಕೆಯಲ್ಲೋ ಪತ್ರಿಕೆಯಲ್ಲೋ ಬರೆಯಿರಿ. ಅಲ್ಲಿ ಅದಕ್ಕೆ ಜಾಗ ಇದೆ.

ಕಾಪಿ ಹೊಡೆದರೆ ಮಾತಿಲ್ಲ

ಉಳಿದ ಸಲಹೆಗಳಲ್ಲಿ ಚರ್ಚೆಗೆ ಜಾಗ ಇದೆ, ಇದರಲ್ಲಿ ಇಲ್ಲ. ಪತ್ರಿಕೆಯ ಅಥವಾ ಪುಸ್ತಕದ ಸಾಲುಗಳನ್ನು ಹಾಗೇ ತಂದು ಅಂಟಿಸಿದರೆ ಅಳಿಸುತ್ತಾರೆ. ಕೆಳಗೆ ಮೂಲದ ಹೆಸರು ಹಾಕಿದ್ದೀನಲ್ಲ ಅಂದರೂ ಕೇಳುವುದಿಲ್ಲ. ವಿಕಿಪೀಡಿಯದ ಬರಹವನ್ನು ಯಾರು ಬೇಕಾದರೂ, ಮೂಲವನ್ನು ಹೆಸರಿಸಿ, ಅದೇ ಷರತ್ತಿನ ಮೇಲೆ ಮತ್ತೆ ಬಳಸಬಹುದು. ಬೇರೆಯವರ ಬರಹಕ್ಕೆ ಆ ಅನುಮತಿ ಕೊಡುವ ಹಕ್ಕು ನಿಮಗಿಲ್ಲ, ಅಲ್ವಾ? ಭಾರತದಲ್ಲಿ ಪುಸ್ತಕದ ಕಾಪಿರೈಟ್ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬರೆದು ಅಭ್ಯಾಸ ಮಾಡಲು ಇರುವ ಪ್ರಯೋಗಪುಟದಲ್ಲಿ ಅಂಟಿಸಿದರೂ ಇದೇ ಕಥೆ.

ಮೈಸೂರಿನವರು ಹೆಮ್ಮೆ ಪಡಬಹುದಾದ ಒಂದು ವಿನಾಯಿತಿ ಇದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಬರಹವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಬಹುದು ಅನ್ನುವ ಅನುಮತಿಯಲ್ಲಿ, ಬಿಟ್ಟುಕೊಟ್ಟಿದೆ. ಹಾಗಾಗಿ ಅದರ ಲೇಖನಗಳು ಕನ್ನಡ ವಿಕಿಪೀಡಿಯಕ್ಕೆ ಬಂದಿವೆ, ಅಂಥ ಪುಟಗಳಲ್ಲಿ ವಿಶ್ವವಿದ್ಯಾನಿಲಯದ ಹೆಸರು ಇರುತ್ತದೆ. ಫೋಟೊಗಳದ್ದು ಸುಲಭ: ನೀವೇ ತೆಗೆದದ್ದನ್ನು ವಿಕಿಪೀಡಿಯದ ಚಿತ್ರಗಳನ್ನು ಇಡುವ ತಾಣವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ, ಗೂಗಲ್‌ನಲ್ಲಿ ಸಿಕ್ಕಿದ್ದನ್ನು ಹಾಕಬೇಡಿ.

‘ಭಾಷೆ ಸರಿಪಡಿಸಿ’ ಅಂದರೆ

ಇಂಗ್ಲಿಷ್ ಪುಟವನ್ನು ಯಂತ್ರಕ್ಕೆ ಕೊಟ್ಟು, ಬಂದದ್ದನ್ನು ಹಾಗೇ ಹಾಕಿದವರಿಗೆ ಈ ಸಲಹೆ ಬರುತ್ತದೆ. ಕನ್ನಡ ವಿಕಿಪೀಡಿಯದ ಹಳಬರಿಗೆ ಇದರ ಬಗ್ಗೆ ಸ್ವಲ್ಪ ಸಿಟ್ಟೇ ಇದೆ, ಅದಕ್ಕೊಂದು ಹಿನ್ನೆಲೆಯೂ ಇದೆ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದ ಸಾಧನ ಬಳಸಿ ಭಾರತದ ಹಲವು ಭಾಷೆಗಳ ವಿಕಿಪೀಡಿಯಗಳಿಗೆ ಲೇಖನ ತುಂಬಿಸಿತು. ಕನ್ನಡಕ್ಕೂ ಉದ್ದುದ್ದ ಪುಟಗಳು ಬಂದವು. ಎಷ್ಟೋ ವಾಕ್ಯಗಳಲ್ಲಿ ಪದ ಕನ್ನಡದ್ದು, ಜೋಡಣೆ ಇಂಗ್ಲಿಷಿನದು. ಅವನ್ನು ತಿದ್ದುವ ಭಾರ ಬಿದ್ದದ್ದು ಸ್ವಯಂಸೇವಕರ ಮೇಲೆ.

ಈಗ ಎಐ ಬಂದು ಸಮಸ್ಯೆ ಬೇರೆ ರೂಪ ತಾಳಿದೆ. ವಾಕ್ಯ ನಯವಾಗಿರುತ್ತದೆ, ಉಲ್ಲೇಖ ಮಾತ್ರ ಕಟ್ಟುಕಥೆ. ಇಲ್ಲದ ಪುಸ್ತಕ, ಇಲ್ಲದ ಪುಟಸಂಖ್ಯೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2025ರ ಆಗಸ್ಟ್‌ನಿಂದ, ಎಐ ಬರೆದದ್ದನ್ನು ಯಾರೂ ನೋಡದೆ ಹಾಕಿದ್ದಾರೆ ಅನ್ನುವುದು ಸ್ಪಷ್ಟವಾಗಿದ್ದರೆ ಚರ್ಚೆಗೆ ಕಾಯದೆ ಅಳಿಸಲು ಅವಕಾಶ ಇದೆ. ಇಂಥ ತಪ್ಪು ಆಗದಂತೆ ನೋಡಿಕೊಳ್ಳುವ ಸುಲಭದ ದಾರಿ ಒಂದಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿ. ನಿಮ್ಮ ಬಾಯಲ್ಲಿ ಬರದ ವಾಕ್ಯ ಪುಟದಲ್ಲಿ ಇರಬೇಕಿಲ್ಲ. ಕೊಟ್ಟ ಉಲ್ಲೇಖವನ್ನು ನೀವೇ ಕಣ್ಣಾರೆ ನೋಡಿರಿ.

ಎಲ್ಲದಕ್ಕೂ ಪುಟ ಬೇಕಾ?

ಬೇಡ. ಒಂದು ವಿಷಯದ ಬಗ್ಗೆ, ಅದಕ್ಕೆ ಸಂಬಂಧಪಡದ ಬೇರೆಯವರು ಒಂದಿಷ್ಟು ವಿವರವಾಗಿ ಬರೆದಿದ್ದರೆ ಮಾತ್ರ ಅದಕ್ಕೊಂದು ಪುಟ. ಇದನ್ನು ಗಮನಾರ್ಹತೆ ಅನ್ನುತ್ತಾರೆ. ನಿಮ್ಮ ಚಿಕ್ಕಪ್ಪನ ಅಂಗಡಿ, ನಿಮ್ಮ ವಿಭಾಗದ ಮುಖ್ಯಸ್ಥರು, ನಿಮ್ಮದೇ ಯೂಟ್ಯೂಬ್ ಚಾನೆಲ್, ಇವುಗಳ ಬಗ್ಗೆ ನೀವೇ ಬರೆಯುವುದು ಬೇಡ. ಹೊಸ ಪುಟವೇ ಬೇಕೆಂದೂ ಇಲ್ಲ. ಕನ್ನಡದಲ್ಲಿ ‘ಚುಟುಕು’ ಅಂತ ಗುರುತು ಹಾಕಿದ, ಎರಡೇ ಸಾಲಿನ ಪುಟಗಳು ರಾಶಿ ಬಿದ್ದಿವೆ. ಅಂಥದ್ದೊಂದನ್ನು ಬೆಳೆಸುವುದು ಕಲಿಯುವವರಿಗೆ ಹೆಚ್ಚು ಸಲೀಸು.

ಸಲಹೆಗೆ ಉತ್ತರ ಕೊಡುವುದು ಹೇಗೆ?

ಮೊದಲ ಕೆಲಸ, ಉತ್ತರ ಕೊಡುವುದು. ಸುಮ್ಮನಿದ್ದುಬಿಟ್ಟರೆ ಅಥವಾ ಅಳಿಸಿದ್ದನ್ನು ಮತ್ತೆ ಮತ್ತೆ ಹಾಕುತ್ತಿದ್ದರೆ ಎದುರಿನವರು ತಪ್ಪು ತಿಳಿಯುತ್ತಾರೆ. ಚರ್ಚೆಪುಟದಲ್ಲಿ ಸಂದೇಶದ ಕೆಳಗಿರುವ ‘ಉತ್ತರಿಸಿ’ ಬಳಸಿದರೆ ನಿಮ್ಮ ಸಹಿ ತಾನಾಗೇ ಬೀಳುತ್ತದೆ. ಕೈಯಲ್ಲೇ ಬರೆದರೆ ಕೊನೆಗೆ ನಾಲ್ಕು ಟಿಲ್ಡ ಚಿಹ್ನೆ (~~~~) ಹಾಕಬೇಕು.

‘ನಮಸ್ಕಾರ ಸರ್, ಸೈಬೀರಿಯಾ ಸಾಲು ತೆಗೆದಿದ್ದೇನೆ. 2007ರ ಘೋಷಣೆಗೆ ಉಲ್ಲೇಖ ಸೇರಿಸಿದ್ದೇನೆ. ಹಕ್ಕಿಗಳ ಎಣಿಕೆಗೆ ಯಾವ ಪುಸ್ತಕ ನೋಡಬಹುದು?’ ಇಷ್ಟು ಸಾಕು. ಕ್ಷಮಾಪಣೆ ಪತ್ರ ಬೇಕಿಲ್ಲ. ಸಲಹೆಯೇ ತಪ್ಪು ಅನ್ನಿಸಿದರೆ ಹಾಗೇ ಹೇಳಬಹುದು, ಆಧಾರ ಮುಂದಿಟ್ಟು. ಇಬ್ಬರಲ್ಲೂ ಬಗೆಹರಿಯದಿದ್ದರೆ ಕನ್ನಡ ವಿಕಿಪೀಡಿಯಕ್ಕೆ ಒಂದು ‘ಅರಳಿ ಕಟ್ಟೆ’ ಇದೆ. ಸಮುದಾಯದವರೆಲ್ಲ ಸೇರಿ ಮಾತಾಡುವ ಪುಟ ಅದು. ಹೊಸಬರೂ ಅಲ್ಲಿ ಕೇಳಬಹುದು.

ಸಲಹೆ ಕೊಡುವವರಿಗೂ ಒಂದು ಮಾತು ಹೇಳಬೇಕು. ‘ಲೇಖನ ಗುಣಮಟ್ಟದಲ್ಲಿಲ್ಲ’ ಅಂದರೆ ಹತ್ತೊಂಬತ್ತು ವರ್ಷದ ಹುಡುಗನಿಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ‘ಎರಡನೇ ವಾಕ್ಯಕ್ಕೆ ಯಾವ ಪುಸ್ತಕ ನೋಡಿದಿರಿ?’ ಅಂದರೆ ತಿಳಿಯುತ್ತದೆ. ಹೊಸಬರನ್ನು ಕಚ್ಚಬೇಡಿ ಅಂತ ವಿಕಿಪೀಡಿಯದಲ್ಲೇ ಹಳೆಯ ಮಾರ್ಗಸೂಚಿ ಇದೆ. ಎಲ್ಲರೂ ಅದನ್ನು ಪಾಲಿಸುತ್ತಾರೆ ಅಂತ ಹೇಳಲಾರೆ.

ಅಳಿಸಿದ್ದಕ್ಕೆ ಮಾರ್ಕ್ಸ್ ಹೋಗುತ್ತದಾ?

ಅದು ಕಾಲೇಜಿಗೆ ಬಿಟ್ಟದ್ದು, ವಿಕಿಪೀಡಿಯಕ್ಕೂ ಅದಕ್ಕೂ ಸಂಬಂಧ ಇಲ್ಲ. ಆದರೆ ಮೇಷ್ಟ್ರು ನೋಡಬೇಕಾದದ್ದು ಇವತ್ತಿನ ಪುಟವನ್ನಲ್ಲ, ಇತಿಹಾಸವನ್ನು. ಪುಟವನ್ನು ನಾಳೆ ಇನ್ನೊಬ್ಬರು ಬದಲಿಸುತ್ತಾರೆ. ಇತಿಹಾಸದಲ್ಲಿ ಎರಡು ರೂಪಗಳನ್ನು ಆರಿಸಿ ಹೋಲಿಸಿದರೆ ಮೊದಲಿನದು ಒಂದು ಕಡೆ, ತಿದ್ದಿದ್ದು ಇನ್ನೊಂದು ಕಡೆ ಕಾಣುತ್ತದೆ. ಆ ಹೋಲಿಕೆಗೆ ಅದರದೇ ಲಿಂಕ್ ಇರುತ್ತದೆ. ಅದನ್ನು ಕಾಪಿ ಮಾಡಿ ಮೇಷ್ಟ್ರಿಗೆ ಕಳಿಸಿ. ಆಮೇಲೆ ಪುಟ ಎಷ್ಟೇ ಬದಲಾದರೂ ಆ ಲಿಂಕ್ ನೀವು ಮಾಡಿದ ಕೆಲಸವನ್ನೇ ತೋರಿಸುತ್ತದೆ. ಪೂರ್ತಿ ಪುಟವೇ ಅಳಿಸಿಹೋದರೆ ಮಾತ್ರ ಇತಿಹಾಸ ನಿರ್ವಾಹಕರಿಗಷ್ಟೇ ಕಾಣುವುದು. ಹಾಗಾಗಿ ಬರೆದದ್ದರ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.